ಹಾಲು ಬಿಟ್ಟುಬಿಡಲಾ ಅಂತ ಕೇಳುವವರಿಗೆ

ನಮ್ಮ ಕೋಲಾರದ ಕಡೆ ಹಾಲಿಗೆ ಬೆಲೆ ಕಟ್ಟುವುದು ಫ್ಯಾಟ್ ನೋಡಿ. ಡೈರಿಗೆ ಹಾಲು ಹಾಕುವ ಎಲ್ಲರಿಗೂ ಇದು ಗೊತ್ತು. ಸಂಘದ ಮೆಷಿನ್‌ನಲ್ಲಿ ಫ್ಯಾಟು, ಎಸ್‌ಎನ್‌ಎಫ್ (ಫ್ಯಾಟು, ನೀರು ಬಿಟ್ಟು ಹಾಲಿನಲ್ಲಿ ಉಳಿಯುವ ಗಟ್ಟಿ ಅಂಶ) ಎರಡೂ ಬರುತ್ತವೆ. ಅವು ಕಮ್ಮಿ ಬಂದರೆ ಬಟವಾಡೆ ದಿನ ಕೈಗೆ ಬರುವ ದುಡ್ಡೂ ಕಮ್ಮಿ. ಬೂಸ, ಹಿಂಡಿ, ಹುಲ್ಲು ಎಲ್ಲವನ್ನೂ ಲೆಕ್ಕ ಹಾಕಿ ಕೊಡುವುದು ಅದಕ್ಕೇ. ನಾನು ಹುಟ್ಟಿ ಬೆಳೆದಿದ್ದು ಇಂಥ ಮನೆಯಲ್ಲಿ. ಈಗ ಕೆಲಸ ಮಾಡುವುದು ಕೋಲಾರ ಟೌನಿನಲ್ಲಿ, ರಕ್ತ ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ. ಇಲ್ಲಿಗೆ ಬರುವವರು ಫ್ಯಾಟ್ ಅನ್ನುವ ಮಾತಿಗೇ ಹೆದರುತ್ತಾರೆ. ಎಷ್ಟೋ ಸಲ ಬೆಳಿಗ್ಗೆ ಆರಕ್ಕೆ ಡೈರಿಗೆ ಹಾಲು ಹಾಕಿದವರೇ ಎಂಟಕ್ಕೆ ನನ್ನ ಮುಂದೆ ತೋಳು ಚಾಚಿ ಕೂತಿರುತ್ತಾರೆ.

ರಿಪೋರ್ಟ್ ತಗೊಳ್ಳುವಾಗ ಅವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಮೇಡಂ, ಹಾಲು ಮೊಸರು ಬಿಟ್ಟುಬಿಡಲಾ?"

ನಾನು ಡಾಕ್ಟರ್ ಅಲ್ಲ. ಔಷಧಿ ಬರೆಯುವುದು, ಪಥ್ಯ ಹೇಳುವುದು ನನ್ನ ಕೆಲಸ ಅಲ್ಲ. ಆದರೂ ಈ ಪ್ರಶ್ನೆಯನ್ನು ಸುಮ್ನೆ ಬಿಡುವುದಕ್ಕೆ ನನ್ನಿಂದ ಆಗಲಿಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಸಾವಿರ ಅಡಿ ದಾಟಿ ಬೋರ್‌ವೆಲ್ ಕೊರೆದರೂ ನೀರು ಸಿಗದ ಕಾಲ ನೋಡಿದ್ದೇವೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಮನೆ ನಡೆಸಿದ್ದು ಕೊಟ್ಟಿಗೆಯಲ್ಲಿದ್ದ ಸೀಮೆ ಹಸುಗಳು. ಇಲ್ಲಿ ಹೈನುಗಾರಿಕೆ ಬೆಳೆಸಿದ ಎಂ.ವಿ. ಕೃಷ್ಣಪ್ಪನವರ ಹೆಸರನ್ನು ನಮ್ಮ ಕಡೆಯ ಹಳಬರು ಇವತ್ತಿಗೂ ಗೌರವದಿಂದ ಹೇಳುವುದು ಇದಕ್ಕೇ. ಮನೆಯ ಹೆಂಗಸರ ಕೈಗೆ ಅವರದೇ ದುಡ್ಡು ಬರುವ ಹಾಗೆ ಮಾಡಿದ್ದು ಹಾಲು. ನನ್ನ ಓದಿನ ಫೀಸು ಕಟ್ಟಿದ್ದೂ ಅದೇ ದುಡ್ಡು. ಅಂಥ ಹಾಲನ್ನು ಹೃದಯಕ್ಕೆ ವಿಷ ಅಂತ ಯಾರಾದರೂ ಅಂದರೆ, ಸರಿಯಾಗಿ ವಿಚಾರಿಸಿ ನೋಡಬೇಕು ಅನ್ನಿಸುತ್ತದೆ. ಹಾಗಂತ ಅಭಿಮಾನಕ್ಕೆ ಕಟ್ಟುಬಿದ್ದು, ಹಾಲು ತುಪ್ಪ ಎಷ್ಟು ತಿಂದರೂ ಏನೂ ಆಗಲ್ಲ ಅನ್ನುವ ಮಾತನ್ನೂ ನಾನು ಒಪ್ಪಲಾರೆ. ಎರಡೂ ಕಡೆಯ ಮಾತು ಕೇಳಿ ಕೇಳಿ, ಓದಿ ಓದಿ ನನಗೆ ತಿಳಿದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ದೊಡ್ಡಪ್ಪನಿಗೆ ಎದೆನೋವು ಬಂದು ಬೆಂಗಳೂರಿನಲ್ಲಿ ಸ್ಟೆಂಟ್ ಹಾಕಿದರು. ಮನೆಗೆ ಬಂದ ದಿನದಿಂದ ದೊಡ್ಡಮ್ಮ ಹಾಲು, ಮೊಸರು, ಮಜ್ಜಿಗೆ, ತುಪ್ಪ ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಿದರು. "ಡಾಕ್ಟ್ರು ಜಿಡ್ಡು ಬೇಡ ಅಂದವ್ರೆ" ಅನ್ನುವುದು ಅವರ ಮಾತು. ಗಂಡ ಉಳಿಯಲಿ ಅನ್ನುವ ಭಯ, ಪ್ರೀತಿ ಎರಡೂ ಅದರಲ್ಲಿ ಇತ್ತು. ದೊಡ್ಡಪ್ಪ ಮಾತ್ರ ನನ್ನನ್ನು ಕಂಡಾಗಲೆಲ್ಲ ಕೇಳುತ್ತಿದ್ದರು. "ಮಜ್ಜಿಗೆ ಇಲ್ದೆ ಮುದ್ದೆ ಊಟ ಹೆಂಗಮ್ಮಾ ಮುಗೀತದೆ?"

ಮಜ್ಜಿಗೆ ಹೋದ ಜಾಗಕ್ಕೆ ಏನು ಬಂತು ಅಂತ ನಾನು ಗಮನಿಸುತ್ತಾ ಹೋದೆ. ಮಧ್ಯಾಹ್ನ ಮುದ್ದೆ ಮೇಲೆ ಮಜ್ಜಿಗೆ ಅನ್ನ ತಿನ್ನುತ್ತಿದ್ದವರು ಈಗ ಬರೀ ಸಾರಿನಲ್ಲೇ ಅನ್ನ ಜಾಸ್ತಿ ತಿನ್ನುತ್ತಿದ್ದರು. ಸಂಜೆ ಹೊಟ್ಟೆ ಹಸಿದರೆ ರಸ್ಕು, ಬೇಕರಿಯ ಬಿಸ್ಕತ್ತು. ಮಗ ಬಸ್ ಸ್ಟ್ಯಾಂಡಿನಿಂದ ತರುವ ಬೋಂಡಾ. ಅದರಲ್ಲಿ ಹಾಲು ಇಲ್ಲವಲ್ಲ, ಹಾಗಾಗಿ ಯಾರೂ ತಡೆಯಲಿಲ್ಲ. ಟೀಗೆ ಹಾಲು ಕಮ್ಮಿ ಆಯ್ತು, ರುಚಿ ಬರಲಿ ಅಂತ ಸಕ್ಕರೆ ಜಾಸ್ತಿ ಆಯ್ತು. ಆಮೇಲೆ ರಕ್ತ ಪರೀಕ್ಷೆ ಮಾಡಿದಾಗ ದೊಡ್ಡಪ್ಪನ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿ ಓಡಾಡುವ ಒಂದು ಬಗೆಯ ಕೊಬ್ಬು, ಮೊದಲಿಗಿಂತ ಮೇಲೆ ಹೋಗಿತ್ತು. ದೊಡ್ಡಮ್ಮ ರಿಪೋರ್ಟ್ ಕೈಯಲ್ಲಿ ಹಿಡಿದು ಅತ್ತೇಬಿಟ್ಟರು. ಎಲ್ಲಾ ಬಿಡಿಸಿದರೂ ಹೀಗಾಯಿತಲ್ಲಾ ಅಂತ.

ಆ ರಿಪೋರ್ಟಿನಲ್ಲಿ ಏನಿರುತ್ತದೆ ಅಂತ ಮೊದಲು ಹೇಳುತ್ತೇನೆ. ಲಿಪಿಡ್ ಪ್ರೊಫೈಲ್ ಅಂದರೆ ಮುಖ್ಯವಾಗಿ ನಾಲ್ಕು ಅಂಕಿ: ಒಟ್ಟು ಕೊಲೆಸ್ಟ್ರಾಲ್, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್ ಅನ್ನುವುದು), ಎಚ್‌ಡಿಎಲ್ (ಒಳ್ಳೆ ಕೊಲೆಸ್ಟ್ರಾಲ್ ಅನ್ನುವುದು), ಟ್ರೈಗ್ಲಿಸರೈಡ್. ಕೊಬ್ಬು ರಕ್ತದಲ್ಲಿ ಹಾಗೇ ಕರಗುವುದಿಲ್ಲ. ಪ್ರೋಟೀನ್ ಜೊತೆ ಸೇರಿ ಸಣ್ಣ ಸಣ್ಣ ಕಣಗಳಾಗಿ ಓಡಾಡುತ್ತದೆ. ಎಲ್‌ಡಿಎಲ್ ಕಣಗಳು ಜಾಸ್ತಿ ಇದ್ದು, ವರ್ಷಾನುಗಟ್ಟಲೆ ಹಾಗೇ ಇದ್ದರೆ, ರಕ್ತನಾಳದ ಗೋಡೆಯೊಳಗೆ ಸೇರಿಕೊಂಡು ಅಡಚಣೆ ಕಟ್ಟುತ್ತವೆ. ಹೃದಯಾಘಾತದ ಮೂಲದಲ್ಲಿ ಇರುವುದು ಬಹುಪಾಲು ಇದೇ. ಟ್ರೈಗ್ಲಿಸರೈಡ್ ದಾರಿ ಬೇರೆ. ಸಕ್ಕರೆ, ಮೈದಾ, ಪಾಲಿಶ್ ಅಕ್ಕಿಯ ಅನ್ನ, ಕುಡಿತ, ಹತೋಟಿಗೆ ಬಾರದ ಶುಗರ್ ಕಾಯಿಲೆ, ಹೊಟ್ಟೆಯ ಸುತ್ತ ಬೆಳೆದ ಬೊಜ್ಜು ಇವೆಲ್ಲ ಅದನ್ನು ಏರಿಸುತ್ತವೆ. ಮೈಗೆ ಬೇಕಾದ್ದಕ್ಕಿಂತ ಜಾಸ್ತಿ ಸಕ್ಕರೆ, ಪಿಷ್ಟ ಒಳಗೆ ಹೋದರೆ ಲಿವರ್ ಅದನ್ನೇ ಕೊಬ್ಬು ಮಾಡಿ ರಕ್ತಕ್ಕೆ ಬಿಡುತ್ತದೆ.

ಲ್ಯಾಬಿನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ರಕ್ತದ ಟ್ಯೂಬನ್ನು ಮೆಷಿನ್‌ನಲ್ಲಿ ತಿರುಗಿಸಿದರೆ ಕೆಂಪು ಭಾಗ ಕೆಳಗೆ ಕೂರುತ್ತದೆ, ಮೇಲೆ ತಿಳಿ ಹಳದಿ ಸೀರಮ್ ನಿಲ್ಲುತ್ತದೆ. ಕೆಲವರ ಸೀರಮ್ ಮಾತ್ರ ಬೆಳ್ಳಗೆ, ಹಾಲು ಬೆರೆಸಿದ ಹಾಗೆ ಇರುತ್ತದೆ. ಹೊಸದಾಗಿ ಕೆಲಸಕ್ಕೆ ಬಂದ ಹುಡುಗಿಯೊಬ್ಬಳು ಅದನ್ನು ಕಂಡು, "ಅಕ್ಕಾ, ಇವರು ಹಾಲು ಕುಡಿದು ಬಂದಿದ್ದಾರಾ?" ಅಂತ ಕೇಳಿದಳು. ಹಾಲಲ್ಲ, ಟ್ರೈಗ್ಲಿಸರೈಡ್ ತುಂಬಿದ ಕಣಗಳು. ಆ ಬಿಳಿ ಸೀರಮ್‌ನ ಹಿಂದೆ ಹೆಚ್ಚಾಗಿ ಇರುವುದು ಹತೋಟಿ ತಪ್ಪಿದ ಶುಗರ್ ಅಥವಾ ಕುಡಿತ. ಟ್ರೈಗ್ಲಿಸರೈಡ್ 400 ದಾಟಿದರೆ, ಎಲ್‌ಡಿಎಲ್ ಲೆಕ್ಕ ಹಾಕುವ ಹಳೆಯ ಸೂತ್ರವೂ ಕೆಲಸ ಮಾಡುವುದಿಲ್ಲ. 1972ರಲ್ಲಿ ಫ್ರೀಡ್‌ವಾಲ್ಡ್ ಅನ್ನುವವರು ಕೊಟ್ಟ ಸೂತ್ರ ಅದು. ಇವತ್ತಿಗೂ ಎಷ್ಟೋ ರಿಪೋರ್ಟುಗಳಲ್ಲಿ ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದಿಲ್ಲ, ಅದೇ ಸೂತ್ರದಲ್ಲಿ ಲೆಕ್ಕ ಹಾಕುತ್ತಾರೆ.

ಇನ್ನು ಹಾಲಿನ ಮೇಲಿನ ದೂರಿಗೆ ಬರೋಣ. ಆ ದೂರು ಸುಳ್ಳಲ್ಲ. ಹಾಲಿನ ಕೊಬ್ಬಿನಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸ್ಯಾಚುರೇಟೆಡ್ ಕೊಬ್ಬು, ಅಂದರೆ ಬೆಣ್ಣೆ, ತುಪ್ಪದ ಹಾಗೆ ಆರಿದರೆ ಗಟ್ಟಿಯಾಗುವ ಬಗೆ. ಈ ಕೊಬ್ಬು ಎಲ್‌ಡಿಎಲ್ ಏರಿಸುತ್ತದೆ ಅನ್ನುವುದು ಹಳೆಯ ಮಾತು, ಗಟ್ಟಿಯಾಗಿ ನಿಂತ ಮಾತು. ಅಮೆರಿಕದ ಆನ್ಸೆಲ್ ಕೀಸ್ 1958ರಲ್ಲಿ ಏಳು ದೇಶಗಳ ಅಧ್ಯಯನ ಶುರು ಮಾಡಿದರು. ಸ್ಯಾಚುರೇಟೆಡ್ ಕೊಬ್ಬು ಜಾಸ್ತಿ ತಿನ್ನುವ ಕಡೆ ಹೃದ್ರೋಗ ಜಾಸ್ತಿ ಅನ್ನುವುದು ಅದರಲ್ಲಿ ಕಂಡಿತು. ಅದು ಹೇಗೆ ಅನ್ನುವ ಒಳಗುಟ್ಟು ತಿಳಿಯುವುದಕ್ಕೆ ದಾರಿ ಮಾಡಿದವರು ಮೈಕೇಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್. 1985ರಲ್ಲಿ ಅವರಿಗೆ ನೊಬೆಲ್ ಬಂತು. ಲಿವರಿನ ಜೀವಕೋಶಗಳ ಮೇಲೆ ಎಲ್‌ಡಿಎಲ್ ಅನ್ನು ಒಳಗೆ ಎಳೆದುಕೊಳ್ಳುವ ಬಾಗಿಲುಗಳಿವೆ ಅಂತ ಅವರು ತೋರಿಸಿದರು. ಸ್ಯಾಚುರೇಟೆಡ್ ಕೊಬ್ಬು ಜಾಸ್ತಿ ಆದಾಗ ಆ ಬಾಗಿಲುಗಳು ಕಮ್ಮಿ ಆಗುತ್ತವೆ. ಎಲ್‌ಡಿಎಲ್ ರಕ್ತದಲ್ಲೇ ಉಳಿದುಬಿಡುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಬಾಗಿಲು ಕಮ್ಮಿ. ಅಂಥವರಿಗೆ ಪಥ್ಯ ಒಂದರಿಂದಲೇ ಎಲ್‌ಡಿಎಲ್ ಬೇಕಾದಷ್ಟು ಇಳಿಯುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಇದು: ದಿನಕ್ಕೆ ತಿನ್ನುವ ಒಟ್ಟು ಕ್ಯಾಲೊರಿಯಲ್ಲಿ ಸ್ಯಾಚುರೇಟೆಡ್ ಕೊಬ್ಬಿನ ಪಾಲು ಶೇ 10 ದಾಟಬಾರದು. 2000 ಕ್ಯಾಲೊರಿ ತಿನ್ನುವವರಿಗೆ ಅದು ಸುಮಾರು 22 ಗ್ರಾಂ. ಈಗ ನಮ್ಮ ಅಡುಗೆಮನೆಯ ಲೆಕ್ಕ ಹಾಕಿ ನೋಡಿ. ನಂದಿನಿಯ ನೀಲಿ ಪ್ಯಾಕೆಟ್ ಟೋನ್ಡ್ ಹಾಲು, ಅದರಲ್ಲಿ ಕೊಬ್ಬು ಶೇ 3. ದಿನಕ್ಕೆ 300 ಎಂ.ಎಲ್. ಅಂದರೆ ಕೊಬ್ಬು 9 ಗ್ರಾಂ, ಅದರಲ್ಲಿ ಸ್ಯಾಚುರೇಟೆಡ್ ಸುಮಾರು 6 ಗ್ರಾಂ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯಲ್ಲೂ ದಿನದ ತಟ್ಟೆಗೆ ಇಟ್ಟಿರುವುದು ಇಷ್ಟೇ, 300 ಎಂ.ಎಲ್. ಹಾಲು ಅಥವಾ ಮೊಸರು. ಇದು ಮಿತಿಯೊಳಗೆ ಆರಾಮವಾಗಿ ಕೂರುತ್ತದೆ. ಅದೇ ಶೇ 7 ಕೊಬ್ಬಿನ ಎಮ್ಮೆ ಹಾಲನ್ನು ಅಷ್ಟೇ ಕುಡಿದರೆ ಸ್ಯಾಚುರೇಟೆಡ್ ಕೊಬ್ಬೇ 13 ಗ್ರಾಂ ದಾಟುತ್ತದೆ. ತುಪ್ಪದ ಲೆಕ್ಕ ಇನ್ನೂ ಬೇಗ ಏರುತ್ತದೆ. ತುಪ್ಪ ಪೂರ್ತಿ ಕೊಬ್ಬೇ. ಒಂದು ದೊಡ್ಡ ಚಮಚದಲ್ಲಿ 8 ಗ್ರಾಂ ಸ್ಯಾಚುರೇಟೆಡ್ ಕೊಬ್ಬು. ಬಿಸಿ ಅನ್ನಕ್ಕೆ ಒಂದು, ಒಬ್ಬಟ್ಟಿಗೆ ಎರಡು ಹಾಕಿದರೆ ಆ ದಿನದ ಪಾಲು ಅಲ್ಲಿಗೇ ಮುಗಿಯಿತು.

ಆದರೆ ಗ್ರಾಂ ಲೆಕ್ಕ ಒಂದನ್ನೇ ಹಿಡಿದರೆ ವಿಷಯ ಪೂರ್ತಿ ಆಗುವುದಿಲ್ಲ. ನಾನು ಓದಿದ್ದರಲ್ಲಿ ನನ್ನನ್ನು ಬಹಳ ಹಿಡಿದು ನಿಲ್ಲಿಸಿದ್ದು ಸ್ವೀಡನ್ನಿನ ಉಪ್ಸಾಲಾದಲ್ಲಿ ನಡೆದ ಒಂದು ಪ್ರಯೋಗ. 2015ರಲ್ಲಿ ಪ್ರಕಟವಾಯಿತು. ತೂಕ ಜಾಸ್ತಿ ಇರುವ 57 ಜನರನ್ನು ಎರಡು ಗುಂಪು ಮಾಡಿದರು. ಎರಡೂ ಗುಂಪಿಗೆ ದಿನಕ್ಕೆ 40 ಗ್ರಾಂ ಹಾಲಿನ ಕೊಬ್ಬು, 8 ವಾರ. ಒಂದು ಗುಂಪಿಗೆ ಅದನ್ನು ಕೆನೆಯಾಗಿ ಕೊಟ್ಟರು. ಇನ್ನೊಂದು ಗುಂಪಿಗೆ ಬೆಣ್ಣೆಯಿಂದ ತೆಗೆದ ಶುದ್ಧ ಕೊಬ್ಬಾಗಿ ಕೊಟ್ಟರು. ಅದು ನಮ್ಮ ತುಪ್ಪಕ್ಕೆ ಬಹಳ ಹತ್ತಿರದ್ದು. ಕೊಬ್ಬು ಅದೇ ಹಾಲಿನದು, ಅಳತೆಯೂ ಅದೇ. ಆದರೆ ಬೆಣ್ಣೆಯ ಕೊಬ್ಬು ತಿಂದವರ ಎಲ್‌ಡಿಎಲ್ ಸರಾಸರಿ 14 ಮಿಲಿಗ್ರಾಂನಷ್ಟು ಏರಿತು. ಕೆನೆ ತಿಂದವರದ್ದು ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು.

ಯಾಕೆ ಹೀಗೆ? ಹಾಲಿನಲ್ಲಿ ಕೊಬ್ಬು ಬಹಳ ಸಣ್ಣ ಹನಿಗಳಾಗಿ ಇರುತ್ತದೆ. ಪ್ರತಿ ಹನಿಯ ಸುತ್ತ ಒಂದು ತೆಳು ಪೊರೆ. ಆ ಪೊರೆಯಲ್ಲಿ ಫಾಸ್ಫೋಲಿಪಿಡ್ ಅನ್ನುವ ಬೇರೆ ಬಗೆಯ ಕೊಬ್ಬು, ಪ್ರೋಟೀನ್ ಇವೆ. ಕೆನೆಯಲ್ಲಿ ಪೊರೆ ಉಳಿದಿರುತ್ತದೆ. ಕಡೆಗೋಲು ಹಾಕಿ ಕಡೆದಾಗ ಪೊರೆ ಒಡೆಯುತ್ತದೆ. ಒಳಗಿನ ಕೊಬ್ಬು ಒಂದಕ್ಕೊಂದು ಅಂಟಿಕೊಂಡು ಬೆಣ್ಣೆ ಮುದ್ದೆಯಾಗುತ್ತದೆ. ಪೊರೆಯ ಬಹುಪಾಲು ಎಲ್ಲಿಗೆ ಹೋಗುತ್ತದೆ ಗೊತ್ತಾ? ಮಜ್ಜಿಗೆಗೆ. ಇದನ್ನು ಓದಿದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕಡೆಗೋಲು ತಿರುಗಿಸಿದ ನಮ್ಮ ಅಜ್ಜಿಯರು ಬೆಣ್ಣೆಯನ್ನು ಹಬ್ಬಕ್ಕೆ, ಬಾಣಂತಿಗೆ, ಮಾರಾಟಕ್ಕೆ ಎತ್ತಿಡುತ್ತಿದ್ದರು. ಮನೆಮಂದಿಗೆಲ್ಲ ದಿನವೂ ಬಡಿಸುತ್ತಿದ್ದದ್ದು ಮಜ್ಜಿಗೆ. ಆ ಮಜ್ಜಿಗೆಯಲ್ಲಿ ಕೊಬ್ಬು ತೀರಾ ಕಮ್ಮಿ. ಕೆನಡಾದಲ್ಲಿ ಬೆಣ್ಣೆ ತೆಗೆದ ಮಜ್ಜಿಗೆಯ ಪುಡಿಯನ್ನು ಕೆಲವು ವಾರ ಕೊಟ್ಟು ನೋಡಿದ ಒಂದು ಸಣ್ಣ ಪ್ರಯೋಗದಲ್ಲಿ ಕೊಲೆಸ್ಟ್ರಾಲ್ ಸುಮಾರು ಶೇ 3ರಷ್ಟು ಇಳಿದಿತ್ತು. ಇಳಿದಿದ್ದು ಸ್ವಲ್ಪವೇ. ಅದನ್ನು ಔಷಧಿ ಅನ್ನುವುದಕ್ಕೆ ಬರುವುದಿಲ್ಲ. ಆದರೆ ದೊಡ್ಡಪ್ಪನ ಊಟದಿಂದ ಮೊದಲು ತೆಗೆಯಬೇಕಾಗಿದ್ದು ಮಜ್ಜಿಗೆಯಂತೂ ಆಗಿರಲಿಲ್ಲ.

ಈಗ ಹೆಚ್ಚಿನ ಮನೆಗಳಲ್ಲಿ ಮಜ್ಜಿಗೆ ಅಂದರೆ ಮೊಸರಿಗೆ ನೀರು ಹಾಕಿ ಕಲಸಿದ್ದು. ಅದರಲ್ಲಿ ಬೆಣ್ಣೆ ತೆಗೆದಿರುವುದಿಲ್ಲ. ಹಾಗಾದರೂ ಟೋನ್ಡ್ ಹಾಲಿನ ಮೊಸರಾದರೆ, ಒಂದು ಲೋಟ ನೀರು ಮಜ್ಜಿಗೆಗೆ ಬೀಳುವ ಕೊಬ್ಬು ಕೆಲವೇ ಗ್ರಾಂ. ಬಿ.ಪಿ. ಇರುವವರು ನೋಡಬೇಕಾಗಿದ್ದು ಅದಕ್ಕೆ ಹಾಕುವ ಉಪ್ಪನ್ನು, ಪಕ್ಕದಲ್ಲಿಟ್ಟ ಉಪ್ಪಿನಕಾಯಿಯನ್ನು.

ಬೆಣ್ಣೆಗೂ ಹಾಲಿನ ಬೇರೆ ರೂಪಗಳಿಗೂ ಇರುವ ಈ ವ್ಯತ್ಯಾಸ ಬೇರೆ ಕಡೆಯೂ ಕಂಡಿದೆ. ಡೆನ್ಮಾರ್ಕಿನಲ್ಲಿ 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದೇ ಅಳತೆಯ ಕೊಬ್ಬನ್ನು ಚೀಸ್ ರೂಪದಲ್ಲಿ, ಬೆಣ್ಣೆ ರೂಪದಲ್ಲಿ ಕೊಟ್ಟು ನೋಡಿದರು. ಚೀಸ್ ತಿಂದಾಗಿನ ಎಲ್‌ಡಿಎಲ್ ಬೆಣ್ಣೆ ತಿಂದಾಗಿನದಕ್ಕಿಂತ ಸುಮಾರು ಶೇ 7 ಕಮ್ಮಿ ಇತ್ತು. ಹಾಲಿನ ಕ್ಯಾಲ್ಸಿಯಂ ಕರುಳಿನಲ್ಲಿ ಸ್ವಲ್ಪ ಕೊಬ್ಬನ್ನು ಹಿಡಿದುಕೊಂಡು ಮಲದ ಜೊತೆ ಹೊರಗೆ ಒಯ್ಯುತ್ತದೆ, ಅದೂ ಒಂದು ಕಾರಣ ಅನ್ನುತ್ತಾರೆ. ಬೆಣ್ಣೆ, ತುಪ್ಪದಲ್ಲಿ ಕ್ಯಾಲ್ಸಿಯಂ ಇರುವುದೇ ಇಲ್ಲ ಅನ್ನಬಹುದು.

ಇವೆಲ್ಲ ಕೆಲವು ವಾರದ ಪ್ರಯೋಗಗಳು. ರಕ್ತದ ಅಂಕಿ ಹೇಳುತ್ತವೆ, ಯಾರಿಗೆ ಹೃದಯಾಘಾತ ಆಯಿತು ಅನ್ನುವುದನ್ನು ಹೇಳುವುದಿಲ್ಲ. ಅದಕ್ಕೆ ದೊಡ್ಡ ಅಧ್ಯಯನಗಳು ಬೇಕು. ಪ್ಯೂರ್ ಅನ್ನುವ ಅಧ್ಯಯನ ಅಂಥದ್ದು. ಕೆನಡಾದ ಸಲೀಂ ಯೂಸುಫ್ ಅವರ ಮುಂದಾಳತ್ವದಲ್ಲಿ ನಡೆಯಿತು, ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯೂ ಅದರಲ್ಲಿ ಇದೆ. ಹಾಲಿನ ಬಗ್ಗೆ ಅವರ ವರದಿ 2018ರಲ್ಲಿ ಬಂತು. 21 ದೇಶಗಳು, 1,36,384 ಜನ, ಸರಾಸರಿ 9 ವರ್ಷ. ದಿನಕ್ಕೆ ಎರಡು ಪಾಲಿಗಿಂತ ಜಾಸ್ತಿ ಹಾಲು ಮೊಸರು ತಗೊಳ್ಳುವವರಲ್ಲಿ, ಏನೂ ತಗೊಳ್ಳದವರಿಗಿಂತ ಹೃದಯಾಘಾತ, ಪಾರ್ಶ್ವವಾಯು ಇಂಥ ತೊಂದರೆ ಶೇ 22 ಕಮ್ಮಿ ಕಂಡಿತು. ಒಂದು ಪಾಲು ಅಂದರೆ ಒಂದು ದೊಡ್ಡ ಲೋಟ ಹಾಲು ಅಥವಾ ಒಂದು ಬಟ್ಟಲು ಮೊಸರು. ಬೆಣ್ಣೆಗೆ ಮಾತ್ರ ಇಂಥ ಲಾಭ ಕಾಣಲಿಲ್ಲ.

ಈ ಸುದ್ದಿ ಬಂದಾಗ ನಮ್ಮ ಕಡೆಯವರೆಲ್ಲ ಖುಷಿಪಟ್ಟರು. ನಾನೂ ಪಟ್ಟೆ. ಆದರೆ ಇದನ್ನು ಇನ್ನೊಂದು ಕಡೆಯಿಂದಲೂ ನೋಡಬೇಕು. ಬಡ ದೇಶದಲ್ಲಿ ಹಾಲೇ ಕುಡಿಯದವರು ಯಾರು? ಬಹಳ ಸಲ ಕೊಂಡುಕೊಳ್ಳಲು ಆಗದವರು. ಅವರಿಗೆ ಒಳ್ಳೆ ಆಸ್ಪತ್ರೆಯೂ ದೂರ, ಹಣ್ಣು ತರಕಾರಿಯೂ ದೂರ. ಲೆಕ್ಕದಲ್ಲಿ ಇದನ್ನೆಲ್ಲ ಸರಿದೂಗಿಸಲು ನೋಡಿದ್ದಾರೆ. ಪೂರ್ತಿ ಸರಿದೂಗಿಸುವುದು ಯಾರಿಗೂ ಆಗದ ಕೆಲಸ. ಇನ್ನೊಂದು ವಿಷಯ, ಹಾಲಿನ ಬಗೆಗಿನ ಎಷ್ಟೋ ಸಂಶೋಧನೆಗಳಿಗೆ ಹಾಲಿನ ಉದ್ಯಮದವರೇ ಹಣ ಕೊಡುತ್ತಾರೆ. ಅದರಿಂದ ಫಲಿತಾಂಶ ಸುಳ್ಳಾಗಿಬಿಡುವುದಿಲ್ಲ, ಆದರೆ ಓದುವಾಗ ನೆನಪಿರಬೇಕು.

ತಿರುಗುಮುರುಗಾದ ಅಧ್ಯಯನವೂ ಇದೆ. 2014ರಲ್ಲಿ ಸ್ವೀಡನ್ನಿನ 61,433 ಹೆಂಗಸರು, 45,339 ಗಂಡಸರ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ದಿನಕ್ಕೆ ಮೂರು ಲೋಟ ಅಥವಾ ಅದಕ್ಕಿಂತ ಜಾಸ್ತಿ ಹಾಲು ಕುಡಿದ ಹೆಂಗಸರಲ್ಲಿ, ಒಂದು ಲೋಟಕ್ಕಿಂತ ಕಮ್ಮಿ ಕುಡಿದವರಿಗಿಂತ ಸಾವು ಜಾಸ್ತಿ ಕಂಡಿತ್ತು. ಕುತೂಹಲದ ಸಂಗತಿ ಅಂದರೆ, ಹುಳಿ ಹಾಲು, ಮೊಸರಿನಂಥವು, ಚೀಸ್ ತಿನ್ನುವ ಹೆಂಗಸರಲ್ಲಿ ಅದು ಕಮ್ಮಿ ಇತ್ತು. ಆ ದೇಶದ ಊಟ ಬೇರೆ, ಚಳಿ ಬೇರೆ, ಕುಡಿಯುವ ಪ್ರಮಾಣ ಬೇರೆ. ನಮ್ಮಲ್ಲಿ ದಿನಕ್ಕೆ ಮೂರು ಲೋಟ ಹಾಲನ್ನು ಒಬ್ಬರೇ ಕುಡಿಯುವುದು ಎಲ್ಲೋ ಅಪರೂಪ.

ಇಷ್ಟೆಲ್ಲ ಓದಿದ ಮೇಲೆ ನನಗೆ ಮುಖ್ಯ ಅನ್ನಿಸಿದ ಪ್ರಶ್ನೆ ಬದಲಾಯಿತು. ಹಾಲು ಒಳ್ಳೆಯದಾ ಕೆಟ್ಟದ್ದಾ ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಅದು ಯಾವ ರೂಪದಲ್ಲಿ ಹೊಟ್ಟೆಗೆ ಹೋಗುತ್ತದೆ, ಅದನ್ನು ಬಿಟ್ಟರೆ ಆ ಜಾಗಕ್ಕೆ ಏನು ಬರುತ್ತದೆ ಅಂತ ಕೇಳಬೇಕು. ಹಾರ್ವರ್ಡ್‌ನವರು 2016ರಲ್ಲಿ ಲೆಕ್ಕ ಹಾಕಿದ್ದು ಇದನ್ನೇ. ಹಾಲಿನ ಕೊಬ್ಬಿನ ಜಾಗಕ್ಕೆ ಸಸ್ಯದ ಒಳ್ಳೆ ಎಣ್ಣೆ ಬಂದರೆ ಅಥವಾ ಪೂರ್ತಿ ಧಾನ್ಯ ಬಂದರೆ ಹೃದ್ರೋಗ ಕಮ್ಮಿ ಅಂತ ಕಂಡಿತು. ನಮ್ಮ ಕಡೆ ಪೂರ್ತಿ ಧಾನ್ಯಕ್ಕೆ ಏನು ಕೊರತೆ? ರಾಗಿ ಇದೆ. ಹುರುಳಿ, ಅವರೆ, ಅಲಸಂದೆ ಇವೆ. ತುಪ್ಪದ ಒಗ್ಗರಣೆ ಬದಲು ಕಡಲೆಕಾಯಿ ಎಣ್ಣೆಯ ಒಗ್ಗರಣೆ ಹಾಕಿ ಬಸ್ಸಾರು ಮಾಡಿದರೆ ಅದು ಒಳ್ಳೆಯ ಬದಲಾವಣೆ. ಮಜ್ಜಿಗೆ ಬಿಡಿಸಿ ಬೋಂಡಾ, ಬಿಸ್ಕತ್ತು ಕೊಟ್ಟರೆ ಅದು ಕೆಟ್ಟ ಬದಲಾವಣೆ. ಅಂಗಡಿಯ ಬಾಣಲೆಯಲ್ಲಿ ಹೆಚ್ಚಾಗಿ ಇರುವುದು ಪಾಮ್ ಎಣ್ಣೆ. ಅದರಲ್ಲಿ ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬು. ಹಾಲಿನಿಂದ ತಪ್ಪಿಸಿದ್ದು ಬೋಂಡಾದಿಂದ ವಾಪಸ್ ಬಂತು, ಜೊತೆಗೆ ಮೈದಾ, ಸಕ್ಕರೆಯೂ ಬಂತು. ದೊಡ್ಡಪ್ಪನ ಟ್ರೈಗ್ಲಿಸರೈಡ್ ಏರಿದ್ದಕ್ಕೆ ಕಾರಣ ಹುಡುಕಬೇಕಾದದ್ದು ಅಲ್ಲಿ.

ಕಾಫಿ ಟೀ ವಿಷಯದಲ್ಲೂ ಹೀಗೇ. ದಿನಕ್ಕೆ ಮೂರು ಸಲ, ಸಲಕ್ಕೆ ಎರಡು ಚಮಚ ಸಕ್ಕರೆ ಅಂದರೆ 30 ಗ್ರಾಂ ಸಕ್ಕರೆ. ಜನ ಹಾಲಿನ ಬಗ್ಗೆ ಕೇಳುತ್ತಾರೆ, ಈ ಸಕ್ಕರೆಯ ಬಗ್ಗೆ ಯಾರೂ ಕೇಳುವುದಿಲ್ಲ. ಅದು ನನಗೆ ಬೇಜಾರು ತರುತ್ತದೆ.

ನಮ್ಮ ದೇಶದವರ ರಕ್ತದ ರಿಪೋರ್ಟಿಗೆ ಅದರದ್ದೇ ಒಂದು ಸ್ವಭಾವ ಇದೆ. ಎಲ್‌ಡಿಎಲ್ ಅಷ್ಟೇನೂ ಜಾಸ್ತಿ ಇರುವುದಿಲ್ಲ, ಆದರೆ ಟ್ರೈಗ್ಲಿಸರೈಡ್ ಜಾಸ್ತಿ, ಎಚ್‌ಡಿಎಲ್ ಕಮ್ಮಿ. ನಾನು ದಿನಾ ನೋಡುವ ಎಷ್ಟೋ ರಿಪೋರ್ಟುಗಳು ಇದೇ ಥರ. ಐಸಿಎಂಆರ್-ಇಂಡಿಯಾಬ್ ಅಧ್ಯಯನದ 2023ರ ವರದಿಯಲ್ಲಿ, ಪರೀಕ್ಷೆ ಮಾಡಿಸಿಕೊಂಡ ಭಾರತೀಯರಲ್ಲಿ ಶೇ 81ರಷ್ಟು ಜನರ ಲಿಪಿಡ್‌ನಲ್ಲಿ ಏನಾದರೊಂದು ಏರುಪೇರು ಇತ್ತು. ಒಟ್ಟು ಕೊಲೆಸ್ಟ್ರಾಲ್ ಜಾಸ್ತಿ ಇದ್ದವರು ಶೇ 24. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬೇರೆಯವರಿಗಿಂತ ಸುಮಾರು 6 ವರ್ಷ ಮೊದಲೇ, 53ರ ಆಸುಪಾಸಿಗೆ ಬಂದಿತ್ತು. ಬೀಡಿ ಸಿಗರೇಟು, ಶುಗರ್, ಬಿ.ಪಿ., ಹೊಟ್ಟೆಯ ಬೊಜ್ಜು, ರಕ್ತದ ಕೊಬ್ಬು, ಕಮ್ಮಿ ತರಕಾರಿ, ಕಮ್ಮಿ ಓಡಾಟ, ಇವೇ ಅದರ ಮುಖ್ಯ ಕಾರಣಗಳು. ದೊಡ್ಡಪ್ಪ ಇಪ್ಪತ್ತನೇ ವಯಸ್ಸಿನಿಂದ ಬೀಡಿ ಸೇದುತ್ತಿದ್ದರು. ಸ್ಟೆಂಟ್ ಆದ ಮೇಲೂ ಮನೆಯ ಹಿಂದೆ ನಿಂತು ಸೇದುತ್ತಿದ್ದರು. ಮಜ್ಜಿಗೆ ನಿಲ್ಲಿಸಿದ ಮನೆ ಬೀಡಿಯನ್ನು ಕಂಡೂ ಕಾಣದ ಹಾಗೆ ಇತ್ತು. ನಾನು ದೊಡ್ಡಮ್ಮನ ಹತ್ತಿರ ಕೈ ಹಿಡಿದುಕೊಂಡು ಹೇಳಿದ್ದು ಇದನ್ನೇ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದಾಗ ಕರ್ನಾಟಕವೇ ಅತ್ತಿತು. ಅವರಿಗೆ 46 ವರ್ಷ. ನಂದಿನಿ ಹಾಲಿಗೆ ಒಂದು ರೂಪಾಯಿಯೂ ತಗೊಳ್ಳದೆ ರಾಯಭಾರಿಯಾಗಿದ್ದವರು, ರೈತರಿಗೋಸ್ಕರ ಅಂತ. ನಮ್ಮ ಊರಿನ ಡೈರಿಯಲ್ಲಿ ಅವರ ಫೋಟೋ ಇವತ್ತಿಗೂ ಇದೆ. ಆ ವಾರದಲ್ಲಿ ಬೆಂಗಳೂರಿನ ಜಯದೇವ ಆಸ್ಪತ್ರೆ ಮುಂದೆ ಪರೀಕ್ಷೆಗೆ ಸಾಲು ನಿಂತಿತ್ತು. ನಮ್ಮ ಲ್ಯಾಬಿಗೂ ಮೂವತ್ತು, ನಲವತ್ತರ ಹುಡುಗರು ಬಂದರು. ಭಯದಲ್ಲಿ ಬಂದರೂ ಬಂದರಲ್ಲಾ ಅನ್ನಿಸಿತ್ತು. ಆಮೇಲೆ ಆ ಸಾಲು ಕರಗಿಹೋಯಿತು.

ಈಗ ಇನ್ನೊಂದು ಮಾತು ಜೋರಾಗಿದೆ. ನಾಟಿ ಹಸುವಿನ ಎ2 ತುಪ್ಪ ಎಷ್ಟು ತಿಂದರೂ ಹೃದಯಕ್ಕೆ ಒಳ್ಳೆಯದು ಅಂತ. ಸಾವಿರಾರು ರೂಪಾಯಿ ಕೊಟ್ಟು ಕೊಳ್ಳುವವರಿದ್ದಾರೆ. ನಾಟಿ ಹಸು ಸಾಕುವುದು ನನಗೆ ಬಹಳ ಇಷ್ಟದ ವಿಷಯ. ಆದರೆ ಎ1, ಎ2 ಅನ್ನುವುದು ಹಾಲಿನಲ್ಲಿರುವ ಬೀಟಾ ಕೇಸಿನ್ ಅನ್ನುವ ಪ್ರೋಟೀನಿನ ಎರಡು ಬಗೆ. ತುಪ್ಪ ಕಾಸಿ ಸೋಸಿದ ಮೇಲೆ ಅದರಲ್ಲಿ ಪ್ರೋಟೀನ್ ಉಳಿಯುವುದೇ ಇಲ್ಲ ಅನ್ನಬಹುದು. ಉಳಿಯುವುದು ಕೊಬ್ಬು. ಆ ಕೊಬ್ಬಿನ ಮೂರರಲ್ಲಿ ಎರಡು ಪಾಲು ಸ್ಯಾಚುರೇಟೆಡ್, ಹಸು ನಾಟಿಯಾದರೂ ಅಷ್ಟೇ, ಸೀಮೆಯಾದರೂ ಅಷ್ಟೇ. ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಆಗಸ್ಟ್‌ನಲ್ಲಿ ಈ ಎ1, ಎ2 ಹೆಸರುಗಳನ್ನು ಪ್ಯಾಕೆಟ್‌ನಿಂದ ತೆಗೆಯಿರಿ ಅಂತ ಹೇಳಿತು. ಕೆಲವೇ ದಿನಕ್ಕೆ ಆ ಆದೇಶ ವಾಪಸ್ ತಗೊಂಡಿತು. ಆದೇಶ ಇರಲಿ ಬಿಡಲಿ, ಸ್ಟೆಂಟ್ ಆದವರ ಮನೆಗೆ ಇಂಥ ತುಪ್ಪವನ್ನು ಔಷಧಿ ಅಂತ ಮಾರುವುದು ನನಗೆ ತುಂಬಾ ಸಿಟ್ಟು ತರಿಸುತ್ತದೆ. ರುಚಿಗೆ ಒಂದು ಸಣ್ಣ ಚಮಚ ತಿನ್ನಿ, ಯಾರು ಬೇಡ ಅಂದರು. ಅದನ್ನು ಮಾತ್ರೆಯ ಬದಲಿಗೆ ತಿನ್ನಬೇಡಿ.

ಮಾತ್ರೆಯ ವಿಷಯ ಬಂದಿದ್ದರಿಂದ ಹೇಳಲೇಬೇಕು. ಪಥ್ಯ ಶುರು ಮಾಡಿದವರಲ್ಲಿ ಎಷ್ಟೋ ಜನ ಸ್ಟ್ಯಾಟಿನ್ ಅನ್ನುವ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ ನಿಲ್ಲಿಸಿಬಿಡುತ್ತಾರೆ. "ತುಪ್ಪ ಬಿಟ್ಟಿದ್ದೀನಲ್ಲ ಮೇಡಂ, ಇನ್ನು ಮಾತ್ರೆ ಯಾಕೆ" ಅನ್ನುತ್ತಾರೆ. ಮಧ್ಯಮ ಡೋಸಿನ ಸ್ಟ್ಯಾಟಿನ್ ಎಲ್‌ಡಿಎಲ್ ಅನ್ನು ಶೇ 30ರಿಂದ 49ರಷ್ಟು ಇಳಿಸುತ್ತದೆ, ಜಾಸ್ತಿ ಡೋಸಿನದು ಶೇ 50ಕ್ಕೂ ಹೆಚ್ಚು. ತುಪ್ಪ, ಬೆಣ್ಣೆ ಬಿಟ್ಟರೆ ಅಷ್ಟು ಇಳಿಯುವುದಿಲ್ಲ. ಸ್ಟೆಂಟ್ ಆದವರು ಮಾತ್ರೆಗಳನ್ನು ತಾವೇ ನಿಲ್ಲಿಸುವುದು ಬಹಳ ಅಪಾಯ. ಏನು ಬದಲಿಸುವುದಿದ್ದರೂ ನೋಡುತ್ತಿರುವ ಡಾಕ್ಟರನ್ನೇ ಕೇಳಬೇಕು.

ದೊಡ್ಡಪ್ಪನ ತಟ್ಟೆಗೆ ಮಜ್ಜಿಗೆ ವಾಪಸ್ ಬಂದಿದೆ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ನಾನೂ ಜೊತೆಗೆ ಹೋಗಿ ಕೇಳಿದೆ. ಕೆನೆ ತೆಗೆದ ಹಾಲಿನ ಮೊಸರು, ಮಜ್ಜಿಗೆ ಧಾರಾಳವಾಗಿ ಕೊಡಿ, ತುಪ್ಪ ಬೆಣ್ಣೆ ಹಬ್ಬಕ್ಕೆ ಇರಲಿ, ಬೇಕರಿ ಬಾಗಿಲು ಮುಚ್ಚಿ ಅಂದರು. ದೊಡ್ಡಮ್ಮ ಈಗ ಹಾಲು ಕಾಯಿಸಿ ಆರಿಸಿ, ಮೇಲೆ ಕಟ್ಟಿದ ಕೆನೆ ತೆಗೆದು ಹೆಪ್ಪು ಹಾಕುತ್ತಾರೆ. ಸಂಜೆಗೆ ಬೇಯಿಸಿದ ಕಾಳು ಇಲ್ಲವೇ ಒಂದು ಹಿಡಿ ಕಡಲೆಕಾಯಿ. ಟೀಗೆ ಸಕ್ಕರೆ ಅರ್ಧ ಚಮಚಕ್ಕೆ ಇಳಿದಿದೆ. ಬೀಡಿ ಬಿಡಿಸುವುದು ಎಲ್ಲಕ್ಕಿಂತ ಕಷ್ಟವಾಯಿತು. ಮೊಮ್ಮಗಳು ಅತ್ತು ಕೇಳಿದ ಮೇಲೆ ಬಿಟ್ಟರು.

ನನ್ನ ಚಿಂತೆ ಈಗ ಅವರ ಮಕ್ಕಳದ್ದು. ಅಪ್ಪನಿಗೆ 55 ದಾಟುವ ಮೊದಲೇ ಹೃದಯಾಘಾತ ಆಗಿದ್ದರೆ ಮಕ್ಕಳಿಗೂ ಅಪಾಯ ಜಾಸ್ತಿ. ದೊಡ್ಡಪ್ಪನಿಗೆ ಆಗಿದ್ದು 52ಕ್ಕೆ. ಇಂಥ ಮನೆಯವರು ಇಪ್ಪತ್ತು, ಮೂವತ್ತರಲ್ಲೇ ಲಿಪಿಡ್ ಪ್ರೊಫೈಲ್ ಮಾಡಿಸಬೇಕು. ಜೊತೆಗೆ ಜೀವನದಲ್ಲಿ ಒಮ್ಮೆ ಲಿಪೊಪ್ರೋಟೀನ್-ಎ ಅನ್ನುವ, ಎಲ್‌ಡಿಎಲ್ ಥರದ್ದೇ ಇನ್ನೊಂದು ಕಣದ ಪರೀಕ್ಷೆ. ಆ ಕಣ ಎಷ್ಟಿರುತ್ತದೆ ಅನ್ನುವುದು ಬಹುಪಾಲು ಅಪ್ಪ ಅಮ್ಮನಿಂದಲೇ ಬರುವುದು. ಹಾಲು ಬಿಟ್ಟರೂ ಕುಡಿದರೂ ಅದು ಹೆಚ್ಚಿಗೆ ಬದಲಾಗುವುದಿಲ್ಲ. ಜಾಸ್ತಿ ಇದ್ದರೆ ಉಳಿದ ಎಲ್ಲವನ್ನೂ ಇನ್ನೂ ಬಿಗಿಯಾಗಿ ನೋಡಿಕೊಳ್ಳಬೇಕು, ಎಲ್‌ಡಿಎಲ್ ಅನ್ನು ಇನ್ನೂ ಕೆಳಗೆ ಇಡಬೇಕು. ಹಿರಿಯ ಮಗ ಬಂದು ರಕ್ತ ಕೊಟ್ಟು ಹೋದ, ಅವನ ಎಲ್‌ಡಿಎಲ್ 160 ದಾಟಿತ್ತು, ಡಾಕ್ಟರ್ ನೋಡುತ್ತಿದ್ದಾರೆ. ಕಿರಿಯವನು ಹಸು ಕರೆದು, ಡೈರಿಗೆ ಹಾಲು ಹಾಕಿ, ಕೆಲಸಕ್ಕೆ ಅಂತ ರೈಲು ಹಿಡಿದು ಬೆಂಗಳೂರಿಗೆ ಹೋಗುತ್ತಾನೆ. ಪುರುಸೊತ್ತಿಲ್ಲ ಅಕ್ಕಾ ಅನ್ನುತ್ತಾನೆ. ಭಾನುವಾರವೂ ಲ್ಯಾಬ್ ತೆಗೆದಿರುತ್ತದೆ ಅಂತ ಅವನಿಗೆ ಮತ್ತೆ ಹೇಳಿದ್ದೇನೆ. ರಾತ್ರಿ ಊಟ ಬೇಗ ಮುಗಿಸಿ, ಬೆಳಿಗ್ಗೆ ಕಾಫಿ ಕುಡಿಯದೆ ಬಾ, ನೀರು ಕುಡಿಯಬಹುದು ಅಂತ.